ಕೊಡಗಿನ ಸಿದ್ದಾಪುರದ ಹತ್ತಿರ ಕಾಫಿ ತೋಟದಲ್ಲಿ ಮಕ್ಕಳ ಬೇಸಿಗೆ ಶಿಬಿರ: ರಾತ್ರಿ ಉಳಿಸಿಕೊಳ್ಳಬಹುದಾ?

ಸಂಡೇಸ್ಕೂಲ್_ಅಕ್ಕ
ಎಲ್ಲರಿಗೂ ವಂದನೆ. ನಮ್ಮ ಚರ್ಚ್ ಸಭೆಯ ಮಿಷನ್ ತಂಡ ಈ ಮೇ ತಿಂಗಳಲ್ಲಿ ಮಕ್ಕಳಿಗೆ ಹೊರಾಂಗಣ ಶಿಬಿರ ಮಾಡಬೇಕು ಅಂತ ಹೊರಟಿದೆ. ಪ್ರತಿ ವರ್ಷ ಚರ್ಚ್ ಹಾಲ್‌ನಲ್ಲೇ ವಿಬಿಎಸ್ (ರಜೆಯ ಬೈಬಲ್ ಶಾಲೆ) ಆಗುತ್ತಿತ್ತು. ಆಕ್ಷನ್ ಸಾಂಗ್, ಕಥೆ, ಕಂಠಪಾಠ ವಾಕ್ಯ, ಬಿಸ್ಕತ್ತು, ಮನೆಗೆ. ಮಕ್ಕಳಿಗೂ ಸಾಕಾಗಿದೆ, ನಮಗೂ ಸಾಕಾಗಿದೆ. ಈ ಸಲ ಸಭೆಯವರೊಬ್ಬರು ಸಿದ್ದಾಪುರದ ಹತ್ತಿರದ ತಮ್ಮ ತೋಟದಲ್ಲಿ ಜಾಗ ಕೊಡುತ್ತೇವೆ ಎಂದಿದ್ದಾರೆ. ಸುಮಾರು ಅರವತ್ತು ಮಕ್ಕಳು, ಆರರಿಂದ ಹದಿನಾಲ್ಕು ವರ್ಷದವರು. ಅರ್ಧ ನಮ್ಮ ಸಭೆಯ ಮಕ್ಕಳು, ಉಳಿದವರು ಸುತ್ತಲಿನ ಲೈನ್ ಮನೆಗಳವರು, ಅಂದರೆ ತೋಟದ ಕಾರ್ಮಿಕರ ಮಕ್ಕಳು.

ಯೂತ್ ಹುಡುಗರಿಗೆ ಟೆಂಟ್ ಹಾಕಿ ಮೂರು ರಾತ್ರಿ ಉಳಿಸಿಕೊಳ್ಳುವ ಆಸೆ. ಕ್ಯಾಂಪ್‌ಫೈರ್, ಹೊಳೆಯಲ್ಲಿ ಸ್ನಾನ, ಬೆಟ್ಟ ಹತ್ತುವುದು ಎಲ್ಲಾ ಪಟ್ಟಿಯಲ್ಲಿದೆ. ಬೆಂಗಳೂರಿನಿಂದ ಬರುವ ತಂಡದವರೂ ಅದನ್ನೇ ಕೇಳುತ್ತಿದ್ದಾರೆ. ಸಭೆಯ ಪಾದ್ರಿ ಅಯ್ಯನವರು "ನೀವೇ ವಿಚಾರಿಸಿ ಹೇಳಿ" ಎಂದು ನನ್ನ ತಲೆಗೆ ಕಟ್ಟಿದ್ದಾರೆ. ಹಾಡು, ಕಥೆ ನಮಗೆ ಗೊತ್ತು. ಅರವತ್ತು ಮಕ್ಕಳನ್ನು ಬಯಲಲ್ಲಿ ನೋಡಿಕೊಳ್ಳುವ ಅಭ್ಯಾಸ ಇಲ್ಲ. ತೋಟದವರು, ಶಿಬಿರ ಮಾಡಿಸಿದವರು, ಮಕ್ಕಳನ್ನು ಕಳಿಸಿದವರು ಯಾರಿದ್ದರೂ ಹೇಳಿ.

ಮಾಲ್ದಾರೆ_ತೋಟಗಾರ
ಅಕ್ಕ, ಸಿದ್ದಾಪುರ, ಮೇ ತಿಂಗಳು, ಟೆಂಟು. ಈ ಮೂರೂ ಒಟ್ಟಿಗೆ ಬರಬಾರದು.

ಹಲಸು ಬಲಿತು ಹಣ್ಣಾಗುವ ಕಾಲ ಅದು. ಆನೆ ಕಾಡಿನಿಂದ ಬಂದು ವಾಪಸ್ ಹೋಗುತ್ತದೆ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ನಮ್ಮ ಕಡೆ ಎಷ್ಟೋ ಆನೆಗಳು ತೋಟದಲ್ಲೇ ಬೀಡು ಬಿಟ್ಟಿವೆ. ಹಗಲು ರೊಬಸ್ಟಾ ಕಾಫಿ ಗಿಡಗಳ ನಡುವೆ ಸುಮ್ನೆ ನಿಂತಿರುತ್ತವೆ, ಹತ್ತು ಮಾರು ದೂರದಲ್ಲಿದ್ದರೂ ಕಾಣುವುದಿಲ್ಲ. ಕತ್ತಲಾಗುತ್ತಿದ್ದ ಹಾಗೆ ಓಡಾಟ ಶುರು. ಬೆಳಗ್ಗೆ ಬಿಸಿಲು ಏರುವವರೆಗೂ ನಿಲ್ಲುವುದಿಲ್ಲ. ಕೆಲಸಕ್ಕೆ ನಡೆದು ಹೊರಟ ಕಾರ್ಮಿಕರ ಮೇಲೆ ಆನೆ ಬಿದ್ದ ಸುದ್ದಿ ಓದುತ್ತಲೇ ಇರುತ್ತೀರಲ್ಲ, ಅದರಲ್ಲಿ ಬಹಳಷ್ಟು ಬೆಳಗಿನ ಹೊತ್ತಿನದ್ದೇ.

ನನ್ನ ಸಲಹೆ ಕೇಳಿದರೆ ಬೆಳಗ್ಗೆ ಒಂಬತ್ತಕ್ಕೆ ಶುರು ಮಾಡಿ, ಮಧ್ಯಾಹ್ನ ಊಟ ಹಾಕಿ, ಎರಡೂವರೆಯೊಳಗೆ ಮನೆ ಸೇರಿಸಿ. ರಾತ್ರಿ ಬೇಡ. ಮಕ್ಕಳು ತೋಟದ ದಾರಿಯಲ್ಲಿ ನಡೆದು ಬರುವುದೂ ಬೇಡ, ಗಾಡಿ ಮಾಡಿ. 2022ರಲ್ಲಿ ಅರಣ್ಯ ಇಲಾಖೆಯ ಆನೆ ಕಾರ್ಯಪಡೆ ಶುರುವಾಯಿತು. ಆನೆ ಎಲ್ಲಿದೆ ಅಂತ ವಾಟ್ಸಾಪ್ ಗುಂಪುಗಳಲ್ಲಿ ಸುದ್ದಿ ಬರುತ್ತದೆ. ತೋಟದ ಮಾಲೀಕರು ಇಂಥ ಗುಂಪಿನಲ್ಲಿ ಇದ್ದೇ ಇರುತ್ತಾರೆ. ಹಿಂದಿನ ಸಂಜೆ ಒಮ್ಮೆ, ಬೆಳಗ್ಗೆ ಗಾಡಿ ಹೊರಡುವ ಮೊದಲು ಒಮ್ಮೆ ಕೇಳಿ. ಆನೆ ಆ ಬ್ಲಾಕ್‌ನಲ್ಲಿ ಇದೆ ಎಂದರೆ ಅವತ್ತು ಚರ್ಚ್ ಹಾಲ್. ವಾದ ಬೇಡ.

ಗಿಟಾರ್_ತಮ್ಮ
ಅಣ್ಣ, ಹಾಗಾದರೆ ಕೊಡಗಿನಲ್ಲಿ ಯಾರೂ ಟೆಂಟ್ ಹಾಕುವುದೇ ಇಲ್ವಾ? ಹೋಂಸ್ಟೇಗಳಲ್ಲಿ ವಾರಾ ವಾರಾ ಹಾಕುತ್ತಾರೆ. ನಾನು ಯೂತ್ ಲೀಡರ್ ಆಗಿ ಶಿಬಿರ ನೋಡಿದ್ದೇನೆ. ಹಗಲು ಹತ್ತು ಗಂಟೆ ಮಾತಾಡಿದರೂ ಬಾಯಿ ಬಿಡದ ಮಗು ರಾತ್ರಿ ಬೆಂಕಿ ಮುಂದೆ ಕೂತಾಗ ಎಲ್ಲಾ ಹೇಳುತ್ತದೆ. ಅಪ್ಪ ಕುಡಿದು ಬರುವುದು, ಅಮ್ಮನ ಅಳು, ಎಲ್ಲಾ. ಅದನ್ನು ತೆಗೆದುಬಿಟ್ಟರೆ ಉಳಿಯುವುದು ಬಿಸಿಲಲ್ಲಿ ಆಟ ಅಷ್ಟೇ.

ಮಾಲ್ದಾರೆ_ತೋಟಗಾರ
ತಮ್ಮಾ, ಹೋಂಸ್ಟೇಗೆ ಬರುವವರು ದೊಡ್ಡವರು. ಇಲ್ಲಿ ಆರು ವರ್ಷದ ಮಕ್ಕಳಿದ್ದಾರೆ. ರಾತ್ರಿ ಎರಡು ಗಂಟೆಗೆ ಒಂದಕ್ಕೆ ಹೋಗಬೇಕು ಅನ್ನಿಸಿದರೆ ಯಾರನ್ನೂ ಎಬ್ಬಿಸುವುದಿಲ್ಲ. ಜಿಪ್ ಎಳೆದು ಒಬ್ಬನೇ ಹೊರಗೆ ಬರುತ್ತಾನೆ. ಚಪ್ಪಲಿ ಇರುವುದಿಲ್ಲ, ಟಾರ್ಚ್ ಇರುವುದಿಲ್ಲ. ಹಲಸಿನ ಮರ ಅಲ್ಲೇ ಇರುತ್ತದೆ.

ರಾತ್ರಿ ಬೇಕೇ ಬೇಕು ಎಂದರೆ ದೊಡ್ಡ ಮಕ್ಕಳನ್ನು ಮಾತ್ರ ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಒಂದು ಹಾಲ್‌ನಲ್ಲಿ ಉಳಿಸಿಕೊಳ್ಳಿ. ಕಾಂಪೌಂಡ್, ಗೇಟು, ಒಳಗೇ ಶೌಚಾಲಯ ಇರಬೇಕು. ಅಂಗಳದಲ್ಲಿ ಸಣ್ಣ ಬೆಂಕಿ ಹಾಕಿ, ಗಿಟಾರ್ ಬಾರಿಸಿ. ಮನಸ್ಸು ಬಿಚ್ಚಲು ಕಾಡೇ ಆಗಬೇಕಾ?

ನರ್ಸಮ್ಮ_ಕುಶಾಲನಗರ
ನಾನೂ ರಾತ್ರಿ ಬೇಡ ಅನ್ನುವವಳೇ. ಆದರೆ ನನ್ನ ಕಾರಣ ಕಟ್ಟುಹಾವು. ನೆಲದ ಮೇಲೆ ಮಲಗಿದವರಿಗೆ ಅದು ನಿದ್ದೆಯಲ್ಲಿ ಕಚ್ಚುತ್ತದೆ. ನೋವೂ ಇರುವುದಿಲ್ಲ, ಬಾವೂ ಇರುವುದಿಲ್ಲ, ಗಾಯ ಹುಡುಕಿದರೂ ಸಿಗುವುದು ಕಷ್ಟ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಎತ್ತಲು ಆಗುತ್ತಿಲ್ಲ ಎಂದು ಮಗು ಹೇಳಿದರೆ ಶಿಬಿರದವರು ನಿನ್ನೆಯ ಸಾಂಬಾರ್ ಮೇಲೆ ಅನುಮಾನ ಪಡುತ್ತಾರೆ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಹಗಲಲ್ಲೇ ಹಾವು ಕಚ್ಚಿದರೆ ಕಟ್ಟಬೇಡಿ, ಕುಯ್ಯಬೇಡಿ, ಬಾಯಿಂದ ಹೀರಬೇಡಿ. ಮಗುವನ್ನು ನಡೆಸಬೇಡಿ. ಕಚ್ಚಿದ ಕೈಕಾಲು ಅಲ್ಲಾಡದ ಹಾಗೆ ಇಟ್ಟು 108ಕ್ಕೆ ಫೋನ್ ಮಾಡಿ, ಇಲ್ಲವೇ ನಿಮ್ಮ ಗಾಡಿಯಲ್ಲೇ ಹೊರಡಿ. ವಿಷಕ್ಕೆ ಔಷಧ ದಾಸ್ತಾನು ಯಾವ ಆಸ್ಪತ್ರೆಯಲ್ಲಿದೆ ಅಂತ ಶಿಬಿರಕ್ಕೆ ಮೊದಲೇ ವಿಚಾರಿಸಿಡಿ. ಎಲ್ಲಾ ಕಡೆ ಇರುವುದಿಲ್ಲ. ತೋಟದಲ್ಲಿ ನೆಟ್‌ವರ್ಕ್ ಯಾವ ಮೂಲೆಯಲ್ಲಿ ಸಿಗುತ್ತದೆ ಅಂತಲೂ ನೋಡಿಕೊಳ್ಳಿ. ನಮ್ಮಲ್ಲಿ ಗೇಟಿನ ಹತ್ತಿರ ಎರಡು ಕಡ್ಡಿ, ಒಳಗೆ ಹೋದರೆ ಸೊನ್ನೆ, ಅಲ್ವಾ?

ಮತ್ತೊಂದು ವಿಷಯವನ್ನು ಯಾರೂ ಕೇಳುವುದಿಲ್ಲ. ಹಾಡಿಯ ಮಕ್ಕಳು, ಯರವರು, ಜೇನುಕುರುಬರು ಬರುವುದಾದರೆ ಸಿಕಲ್ ಸೆಲ್ ಅನ್ನುವ ರಕ್ತದ ಕಾಯಿಲೆ ಇದೆಯಾ ಅಂತ ಮನೆಯವರನ್ನು ಕೇಳಿ. ಇಲಾಖೆಯವರು ಪರೀಕ್ಷೆ ಮಾಡಿ ಕಾರ್ಡ್ ಕೊಟ್ಟಿರಬಹುದು. ಆ ಮಕ್ಕಳಿಗೆ ಬಿಸಿಲಲ್ಲಿ ನೀರು ಕಡಿಮೆಯಾದರೆ, ಮಳೆಯಲ್ಲಿ ನೆನೆದು ಚಳಿ ಹಿಡಿದರೆ ಕೈಕಾಲು, ಎದೆ ನೋವು ಜೋರಾಗುತ್ತದೆ. "ಆಟ ತಪ್ಪಿಸಲು ನಾಟಕ" ಅಂತ ಲೀಡರ್‌ಗಳು ಬೈಯುವುದನ್ನು ಕಂಡಿದ್ದೇನೆ. ಅಂಥ ಮಗುವನ್ನು ಓಟದ ಸ್ಪರ್ಧೆಗೆ ನಿಲ್ಲಿಸಬೇಡಿ. ಕುಡಿಯಲು ನೀರು ಕೊಡುತ್ತಲೇ ಇರಿ. ಜ್ವರವೋ ಎದೆನೋವೋ ಬಂದರೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಜಿಗಣೆಗೆ ಹೆದರಬೇಡಿ. ಎರಡು ಮಳೆ ಬಿದ್ದಿದ್ದರೆ ಇರುತ್ತವೆ. ಉಪ್ಪು ಸಾಕು. ಅದು ಬಿಟ್ಟ ಮೇಲೂ ಸ್ವಲ್ಪ ಹೊತ್ತು ರಕ್ತ ಬರುತ್ತದೆ, ಒತ್ತಿ ಹಿಡಿಯಿರಿ. ಬೆಂಗಳೂರಿನ ತಂಡದವರೇ ಮಕ್ಕಳಿಗಿಂತ ಜಾಸ್ತಿ ಕಿರುಚುತ್ತಾರೆ, ಅವರಿಗೆ ಮೊದಲೇ ಹೇಳಿಡಿ.

ಸಂಡೇಸ್ಕೂಲ್_ಅಕ್ಕ
ಹೊಳೆ ವಿಷಯ? ಮೇ ತಿಂಗಳಲ್ಲಿ ಕಾವೇರಿಯಲ್ಲಿ ಮೊಣಕಾಲು ನೀರು ಇರುತ್ತದೆ, ಏನೂ ಆಗುವುದಿಲ್ಲ ಅನ್ನುತ್ತಿದ್ದಾರೆ.

ವಿರಾಜಪೇಟೆ_ಅಜ್ಜ
ಮೊಣಕಾಲು ನೀರು ಇರುವ ಜಾಗದಿಂದ ನಾಲ್ಕು ಹೆಜ್ಜೆಗೆ ಆಳುದ್ದದ ಗುಂಡಿ ಇರುತ್ತದೆ ಮಗಳೇ. ಬಂಡೆ ಪಾಚಿ ಕಟ್ಟಿರುತ್ತದೆ. ನಾನು ಶಾಲೆಯಲ್ಲಿ ಪಾಠ ಮಾಡುತ್ತಿದ್ದವನು. ಎಷ್ಟೇ ಬೇಡಿಕೊಂಡರೂ ಪ್ರವಾಸದಲ್ಲಿ ಮಕ್ಕಳನ್ನು ಹೊಳೆಗೆ ಇಳಿಸಲಿಲ್ಲ. ಒಂದು ಮಗು ಜಾರಿದರೆ ಕೈ ಹಿಡಿಯಲು ಇನ್ನೆರಡು ಇಳಿಯುತ್ತವೆ. ಒಬ್ಬನಿಗೇ ಮುಗಿಯುವುದಿಲ್ಲ.

ಮಾಲ್ದಾರೆ_ತೋಟಗಾರ
ಹೊಳೆಗಿಂತ ತೋಟದ ಕೆರೆ ಹೆದರಿಕೆ. ಅದಕ್ಕಿಂತಲೂ ಕೃಷಿ ಹೊಂಡ. ಪ್ಲಾಸ್ಟಿಕ್ ಶೀಟ್ ಹೊದಿಸಿದ ಹೊಂಡದ ಅಂಚು ಒದ್ದೆಯಾದರೆ ಈಜು ಬರುವವನಿಗೂ ಮೇಲೆ ಹತ್ತಲು ಆಗುವುದಿಲ್ಲ. ಕೈ ಇಟ್ಟಲ್ಲೆಲ್ಲ ಜಾರುತ್ತದೆ. ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹೊಡೆದು ಮೇ ಹೊತ್ತಿಗೆ ನೀರು ತಳ ಸೇರಿರುತ್ತದೆ, ಹಾಗಾಗಿ ಜಾರುವ ಇಳಿಜಾರು ಇನ್ನೂ ಉದ್ದ. ಶಿಬಿರದ ಜಾಗದ ಸುತ್ತ ಎಲ್ಲೆಲ್ಲಿ ಕೆರೆ, ಹೊಂಡ, ಬಾವಿ ಇದೆ ಅಂತ ಮೊದಲ ದಿನವೇ ಲೀಡರ್‌ಗಳು ನಡೆದು ನೋಡಬೇಕು. ಬೇಲಿ ಇಲ್ಲದಿದ್ದರೆ ಆ ಕಡೆ ಹಗ್ಗ ಕಟ್ಟಿ, ಒಬ್ಬ ದೊಡ್ಡವರನ್ನು ನಿಲ್ಲಿಸಿ. ಪ್ರಾರ್ಥನೆ ಹೊತ್ತಲ್ಲೂ ಅವರು ಕಣ್ಣು ಮುಚ್ಚದೆ ಅಲ್ಲೇ ನಿಂತಿರಲಿ. ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನೊಂದು. ಮಳೆಗಾಲ ಶುರುವಾಗುವ ಮುಂಚೆ ಕಾಫಿಗೆ ಬೋರ್ಡೋ ಹೊಡೆಯುತ್ತಾರೆ, ಮೈಲುತುತ್ತು ಸುಣ್ಣದ ದ್ರಾವಣ. ಯಾವ ದಿನ, ಯಾವ ಬ್ಲಾಕ್ ಅಂತ ತೋಟದ ಲೆಕ್ಕ ಬರೆಯುವ ರೈಟರ್‌ನ ಕೇಳಿ. ಎಲೆ ಮೇಲೆ ನೀಲಿ ಕಂಡರೆ ಅಲ್ಲಿ ಮಕ್ಕಳು ಎಲೆ ಕೀಳುವ ಆಟ ಬೇಡ.

ಗಿಟಾರ್_ತಮ್ಮ
ಆಯ್ತು, ಹೊಳೆ ಬಿಟ್ಟೆ. ಬೆಟ್ಟ? ತಡಿಯಂಡಮೋಳ್ ಹತ್ತಿಸೋಣ ಅಂತ ಇದ್ದೆವು.

ವಿರಾಜಪೇಟೆ_ಅಜ್ಜ
1,748 ಮೀಟರ್. ಜಿಲ್ಲೆಯಲ್ಲೇ ಎತ್ತರದ್ದು. ಆರು ವರ್ಷದ ಮಗುವನ್ನು ಯಾರು ಹೊರುತ್ತೀರಿ? ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಮುಚ್ಚುವುದೂ ಉಂಟು. ದೊಡ್ಡ ಹುಡುಗರನ್ನು ಬೇರೆ ದಿನ ಕರೆದುಕೊಂಡು ಹೋಗಿ.

ಮಧ್ಯಾಹ್ನದ ಗುಡುಗು ಮರೆಯಬೇಡಿ. ಬೆಳಗ್ಗೆ ಆಕಾಶ ತಿಳಿಯಾಗಿರುತ್ತದೆ, ಮೂರು ಗಂಟೆಗೆ ಕಪ್ಪಾಗುತ್ತದೆ. ಗುಡುಗು ಕೇಳಿದ ಕೂಡಲೇ ಎಲ್ಲರೂ ಗಟ್ಟಿ ಕಟ್ಟಡದ ಒಳಗೆ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಬಿಡಬೇಡಿ. ಸಿಲ್ವರ್ ಓಕ್ ಕೆಳಗೆ ನಿಲ್ಲಿಸಬೇಡಿ. ಸಿಡಿಲಿನದ್ದು ಒಂದು ಭಯವಾದರೆ ಗಾಳಿಗೆ ಕೊಂಬೆ ಮುರಿಯುವುದು ಇನ್ನೊಂದು. ಪುಣೆಯ ಹವಾಮಾನ ಸಂಸ್ಥೆಯವರ ದಾಮಿನಿ ಅನ್ನುವ ಆ್ಯಪ್ ಇದೆ, ಹತ್ತಿರ ಸಿಡಿಲು ಬೀಳುವ ಸೂಚನೆ ಕೊಡುತ್ತದೆ. ಮೊಮ್ಮಗ ನನ್ನ ಫೋನಿಗೂ ಹಾಕಿದ್ದಾನೆ.

ಗೋಣಿಕೊಪ್ಪದವ
ನಾನು ಕ್ರೈಸ್ತನಲ್ಲ. ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅರ್ಧ ಮಕ್ಕಳು ಲೈನ್ ಮನೆಯವರು ಎಂದಿರಿ. ಅಲ್ಲಿ ಬೈಬಲ್ ಕಥೆ, ಪ್ರಾರ್ಥನೆ ಇರುತ್ತದೆ ಅಂತ ಅವರ ಅಪ್ಪ ಅಮ್ಮನಿಗೆ ಹೇಳುತ್ತೀರಾ? ಇಲ್ಲಾ "ಬೇಸಿಗೆ ಶಿಬಿರ, ಊಟ ಫ್ರೀ, ಬ್ಯಾಗ್ ಫ್ರೀ" ಅಂತ ಮಾತ್ರ ಹೇಳುತ್ತೀರಾ? ನನ್ನ ಮಗಳು ಕಾನ್ವೆಂಟ್‌ನಲ್ಲಿ ಓದಿದ್ದು. ಅಲ್ಲಿ ಏನು ನಡೆಯುತ್ತದೆ ಅಂತ ಗೊತ್ತಿದ್ದೇ ಕಳಿಸಿದೆ. ಗೊತ್ತಿಲ್ಲದೆ ಕಳಿಸಿದ್ದರೆ ಸಿಟ್ಟು ಬರುತ್ತಿತ್ತು.

ಗಿಟಾರ್_ತಮ್ಮ
ಸರ್, ಎಲ್ಲದಕ್ಕೂ ಮತಾಂತರ ಅಂದರೆ ಹೇಗೆ? ನಾವು ಮಕ್ಕಳ ಜೊತೆ ಆಟ ಆಡುತ್ತೇವೆ ಅಷ್ಟೇ.

ವಿರಾಜಪೇಟೆ_ಅಜ್ಜ
ತಮ್ಮಾ, ಅವರು ಆ ಪದ ಬಳಸಲೇ ಇಲ್ಲ. ಕೇಳಿದ್ದು ನ್ಯಾಯವಾದ ಪ್ರಶ್ನೆ.

ನಮ್ಮೂರ ಸಂತ ಅನ್ನಮ್ಮ ಚರ್ಚ್ 1792ರದ್ದು. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಕಡೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಜಾಗ ಕೊಟ್ಟದ್ದು ದೊಡ್ಡ ವೀರರಾಜೇಂದ್ರ. ಅರವತ್ತು ವರ್ಷ ಕಳೆದು ಮಂಗಳೂರಿನಿಂದ ಜರ್ಮನ್ ಪಾದ್ರಿ ಮೋಗ್ಲಿಂಗ್ ಬಂದರು, 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಶುರು ಮಾಡಿದವರೇ. ಇಷ್ಟು ಕಾಲ ಊರವರ ಜೊತೆ ಬಾಳಿದ್ದೇವೆ. ಮುಚ್ಚಿಟ್ಟು ಮಾಡುವ ಅಗತ್ಯ ನಮಗೆ ಏನಿದೆ?

ಸಂವಿಧಾನದ 28ನೇ ವಿಧಿಯ ಮೂರನೇ ಭಾಗ ಓದಿ. ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಯಲ್ಲಿ ಧರ್ಮಬೋಧೆಗೆ ಮಗುವನ್ನು ಕೂರಿಸಬೇಕಾದರೆ ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ. ನಿಮ್ಮ ಶಿಬಿರ ಶಾಲೆಯಲ್ಲ. ಆದರೂ ಅದೇ ಅಳತೆ ಇಟ್ಟುಕೊಳ್ಳಿ. 2022ರಲ್ಲಿ ರಾಜ್ಯದಲ್ಲಿ ಬಂದ ಮತಾಂತರ ತಡೆ ಕಾಯ್ದೆಯಲ್ಲಿ ಉಡುಗೊರೆಯನ್ನೂ ಆಮಿಷದ ಪಟ್ಟಿಗೆ ಸೇರಿಸಿದ್ದರು. 2023ರಲ್ಲಿ ಅದನ್ನು ರದ್ದು ಮಾಡಲು ಸಂಪುಟ ತೀರ್ಮಾನಿಸಿತು. ಕಾನೂನು ಹೇಗೇ ಇರಲಿ, ಕರಪತ್ರದಲ್ಲಿ ಮೊದಲ ಸಾಲಿಗೇ ಸಭೆಯ ಹೆಸರು ಹಾಕಿ. "ಸತ್ಯವೇದದ ಕಥೆ, ಹಾಡು ಇರುತ್ತದೆ" ಅಂತ ಬರೆಯಿರಿ. ಕಥೆ ಹೊತ್ತಿಗೆ ಬೇಡ ಅನ್ನುವವರ ಮಕ್ಕಳಿಗೆ ಚಿತ್ರ ಬರೆಯುವ ಕೆಲಸ ಕೊಡಿ. ಬ್ಯಾಗ್ ಹಂಚುವುದಾದರೆ ಎಲ್ಲರಿಗೂ ಒಂದೇ, ಕೂತವರಿಗೂ ಕೂರದವರಿಗೂ.

ಲೈನ್‌ಮನೆ_ಹುಡುಗ
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಒಪ್ಪಿಗೆ ಪತ್ರದ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಲೈನ್ ಮನೆಯಲ್ಲೇ ಬೆಳೆದವನು. ಇಂಥ ಶಿಬಿರಕ್ಕೆ ಹೋಗಿದ್ದೇನೆ. ಖುಷಿಯಾಗಿತ್ತು, ಸುಳ್ಳು ಹೇಳುವುದಿಲ್ಲ. ಮೊದಲ ಸಲ ಬಣ್ಣದ ಪೆನ್ಸಿಲ್ ಡಬ್ಬಿ ಪೂರ್ತಿ ನನ್ನದು ಅಂತ ಆಗಿದ್ದು ಅಲ್ಲೇ.

ಆದರೆ ನೋಡಿ. ಶಿಬಿರ ಧಣಿಗಳ ತೋಟದಲ್ಲಿ. ರೈಟರ್ ಬಂದು "ಮಕ್ಕಳನ್ನು ಕಳಿಸಿ, ಇಲ್ಲಿ ಹೆಬ್ಬೆಟ್ಟು ಹಾಕಿ" ಎಂದರೆ ಯಾವ ಅಮ್ಮ ಇಲ್ಲ ಅನ್ನುತ್ತಾಳೆ? ಮನೆಯೂ ಅವರದ್ದು, ಕೂಲಿಯೂ ಅವರದ್ದು. ಅದು ಒಪ್ಪಿಗೆ ಅಲ್ಲ. ರೈಟರ್ ಕೈಯಲ್ಲಿ ಫಾರ್ಮ್ ಕೊಡಬೇಡಿ. ನಿಮ್ಮ ತಂಡದ ಇಬ್ಬರು ಭಾನುವಾರ ಮಧ್ಯಾಹ್ನ ಮನೆ ಮನೆಗೆ ಹೋಗಿ. ಅವತ್ತು ರಜೆ, ಅಪ್ಪ ಅಮ್ಮ ಇಬ್ಬರೂ ಇರುತ್ತಾರೆ. ಓದಿ ಹೇಳಿ. ಕೆಲವರಿಗೆ ತಮಿಳು, ಕೆಲವರಿಗೆ ಮಲಯಾಳಂ, ಅಸ್ಸಾಂನಿಂದ ಬಂದವರಿಗೆ ಅದೂ ಇಲ್ಲ. "ಬೇಡ ಅಂದರೂ ಧಣಿಗಳಿಗೆ ಹೇಳುವುದಿಲ್ಲ" ಅಂತ ಬಾಯಿ ಬಿಟ್ಟು ಹೇಳಿ. ಹೇಳಿದ ಹಾಗೆ ನಡೆದುಕೊಳ್ಳಿ.

ಮತ್ತೆ ಫೋಟೋ. ನಾನು ಹೋದ ಶಿಬಿರದವರು ತಟ್ಟೆ ಹಿಡಿದು ಸಾಲಿನಲ್ಲಿ ನಿಂತ ನನ್ನ ಫೋಟೋ ತೆಗೆದಿದ್ದರು. ದೇಣಿಗೆ ಕೇಳುವ ಪುಸ್ತಿಕೆಯಲ್ಲಿ ಅದು ಬಂತು. ಕೆಳಗೆ ‘ಹಸಿದ ಮಕ್ಕಳು’ ಅಂತ. ಅವತ್ತು ಬೆಳಗ್ಗೆ ಅಮ್ಮ ರೊಟ್ಟಿ ತಟ್ಟಿ, ತೆಂಗಿನಕಾಯಿ ಚಟ್ನಿ ಜೊತೆ ಹೊಟ್ಟೆ ತುಂಬಾ ತಿನ್ನಿಸಿ ಕಳಿಸಿದ್ದಳು. ಶಾಲೆಯಲ್ಲಿ ಅದನ್ನು ಯಾರೋ ತಂದು ತೋರಿಸಿದರು. ಅಮ್ಮನಿಗೆ ನಾನು ತೋರಿಸಲಿಲ್ಲ.

ಗೋಣಿಕೊಪ್ಪದವ
ಇದನ್ನು ಕೇಳಲೆಂದೇ ಬಂದೆ ಅನ್ನಿಸುತ್ತಿದೆ. ಧನ್ಯವಾದ ತಮ್ಮಾ.

ಸಂಡೇಸ್ಕೂಲ್_ಅಕ್ಕ
ಕರಪತ್ರ ಇನ್ನೂ ಅಚ್ಚಿಗೆ ಹೋಗಿಲ್ಲ. ಸಭೆಯ ಹೆಸರು, ಕಥೆ, ಪ್ರಾರ್ಥನೆ ಎಲ್ಲಾ ಮೇಲೇ ಬರುತ್ತದೆ. ಫಾರ್ಮ್ ನಾನೇ ತೆಗೆದುಕೊಂಡು ಹೋಗುತ್ತೇನೆ. ಜೊತೆಗೆ ತಮಿಳು ಬರುವ ನಮ್ಮ ಮಹಿಳಾ ಸಂಘದ ಅಕ್ಕ ಬರುತ್ತಾರೆ. ಫೋಟೋಗೆ ಬೇರೆಯೇ ಸಹಿ. ಊಟದ ಫೋಟೋ ಇಲ್ಲವೇ ಇಲ್ಲ. ಬೆಂಗಳೂರಿನವರು ವರದಿಗೆ ಫೋಟೋ ಬೇಕು ಅನ್ನುತ್ತಾರೆ, ಮಕ್ಕಳು ಬರೆದ ಚಿತ್ರದ ಫೋಟೋ ಕಳಿಸೋಣ.

ನರ್ಸಮ್ಮ_ಕುಶಾಲನಗರ
ಬೆಂಗಳೂರಿನವರು ಎಂದಾಗ ನೆನಪಾಯಿತು. ಬರುವ ಪ್ರತಿಯೊಬ್ಬರ ಗುರುತು ಚೀಟಿ ನೋಡಿ, ಅವರ ಸಭೆಯಿಂದ ಪತ್ರ ತರಿಸಿ. ನಮ್ಮವರೇ ಆದರೂ ಒಬ್ಬ ದೊಡ್ಡವರು ಒಂದು ಮಗುವಿನ ಜೊತೆ ಮರೆಯಲ್ಲಿ ಇರಬಾರದು. ಶೌಚಾಲಯಕ್ಕೆ ಕರೆದುಕೊಂಡು ಹೋಗುವಾಗಲೂ ಇಬ್ಬರು. ಹೆಣ್ಣುಮಕ್ಕಳ ಜೊತೆ ಹೆಂಗಸರೇ.

ಗಿಟಾರ್ ತಮ್ಮ ಹೇಳಿದ "ಎಲ್ಲಾ ಹೇಳುತ್ತದೆ" ಅನ್ನುವುದಕ್ಕೆ ಒಂದು ಮಾತು. ಮಗು ನಿನ್ನ ಹತ್ತಿರ ಲೈಂಗಿಕ ದೌರ್ಜನ್ಯದ ಮಾತು ಹೇಳಿತು ಎಂದುಕೋ. ಪ್ರಾರ್ಥನೆ ಮಾಡಿ ಕಳಿಸಿಬಿಟ್ಟರೆ ಆಗುವುದಿಲ್ಲ. 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಅದೇ ಅಪರಾಧ. ‘ಸಭೆಯ ಮರ್ಯಾದೆ’ ಅಂತ ಹಿರಿಯರು ಮುಚ್ಚಿಸಲು ಬಂದರೂ ಕೇಳಬೇಡ. 1098 ಮಕ್ಕಳ ಸಹಾಯವಾಣಿ. ಆ ನಂಬರ್ ಮಕ್ಕಳಿಗೂ ಬಾಯಿಪಾಠ ಮಾಡಿಸಿ, ಕಂಠಪಾಠ ವಾಕ್ಯದ ಜೊತೆಗೇ.

ಗಿಟಾರ್_ತಮ್ಮ
ಇದು ನನಗೆ ಗೊತ್ತಿರಲಿಲ್ಲ ಅಕ್ಕ. ತರಬೇತಿ ದಿನ ನೀವೇ ಬಂದು ಒಂದು ಗಂಟೆ ಮಾತಾಡುತ್ತೀರಾ?

ನರ್ಸಮ್ಮ_ಕುಶಾಲನಗರ
ಡ್ಯೂಟಿ ನೋಡಿ ಹೇಳುತ್ತೇನೆ. ಬರುತ್ತೇನೆ.

ವಿರಾಜಪೇಟೆ_ಅಜ್ಜ
ಹೆದರಿಸಿದ್ದು ಸಾಕು, ಈಗ ಶಿಬಿರದ ವಿಷಯ. ಹೊರಗೆ ಮಾಡುವುದೇ ಆದರೆ ಹೊರಗಿನದ್ದನ್ನು ಬಳಸಿ. ಶಾಮಿಯಾನ ಕಟ್ಟಿ ಅದರ ಕೆಳಗೆ ಪ್ರೊಜೆಕ್ಟರ್ ಹಾಕಿದರೆ ಚರ್ಚ್ ಹಾಲ್‌ಗೂ ಅದಕ್ಕೂ ಏನು ವ್ಯತ್ಯಾಸ?

ಬೈಬಲಿನಲ್ಲಿ ಬಿತ್ತುವವನ ಸಾಮ್ಯ, ಅಂದರೆ ದೃಷ್ಟಾಂತ ಕಥೆ ಇದೆಯಲ್ಲ, ಮತ್ತಾಯ ಹದಿಮೂರನೇ ಅಧ್ಯಾಯ. ನಾನು ಅದನ್ನು ಮಕ್ಕಳಿಗೆ ತೋಟದಲ್ಲೇ ಮಾಡಿಸುತ್ತಿದ್ದೆ. ರಾತ್ರಿ ನೆನೆಸಿದ ಹೆಸರುಕಾಳು ಒಂದು ಮುಷ್ಟಿ. ಮೊದಲ ದಿನ ಕಥೆ ಹೇಳುವುದಿಲ್ಲ. ಗಾಡಿ ಓಡಾಡಿ ಗಟ್ಟಿಯಾದ ದಾರಿ ಮೇಲೆ ಒಂದಿಷ್ಟು, ಕಲ್ಲಿನ ಮೇಲೆ ತೆಳ್ಳಗೆ ಮಣ್ಣು ಇರುವ ಕಡೆ ಒಂದಿಷ್ಟು, ಲಂಟಾನ ಪೊದೆ ಬುಡದಲ್ಲಿ ಒಂದಿಷ್ಟು, ಗೊಬ್ಬರ ಹಾಕಿದ ಮಣ್ಣಲ್ಲಿ ಒಂದಿಷ್ಟು. ಅಷ್ಟು ಹಾಕಿಸಿ ಬಿಟ್ಟುಬಿಡುತ್ತಿದ್ದೆ. ದಾರಿಯ ಮೇಲಿನದ್ದು ಮರುದಿನ ಬೆಳಗ್ಗೆಗೇ ಇರುವುದಿಲ್ಲ. ಮೈನಾ, ಇರುವೆ ಸೇರಿ ಮುಗಿಸಿರುತ್ತವೆ. ಮಕ್ಕಳು ಮಂಡಿಯೂರಿ ಇರುವೆ ಸಾಲಿನ ಹಿಂದೆಯೇ ಹೋಗಿ ಗೂಡು ಹುಡುಕುತ್ತಾರೆ. ಕಲ್ಲಿನ ಮೇಲಿನದ್ದು ಎಲ್ಲಕ್ಕಿಂತ ಮೊದಲು ಮೊಳೆಯುತ್ತದೆ, ನೋಡಿ ಕುಣಿಯುತ್ತಾರೆ. ಒಂದು ಒಳ್ಳೆ ಬಿಸಿಲಿಗೆ ಅದು ಬಾಗಿ ಬಿದ್ದಾಗ ಬೇಜಾರು. ಕೊನೆಯ ದಿನ ಕಥೆ ಓದಿದರೆ ಒಂದು ಮಾತೂ ವಿವರಿಸಬೇಕಾಗಿಲ್ಲ. ಮಕ್ಕಳೇ ಮುಂದಿನ ಸಾಲು ಹೇಳುತ್ತಾರೆ.

ಕಥೆ ಬೇಡ ಎಂದ ಮನೆಯ ಮಕ್ಕಳೂ ಬೀಜ ಹಾಕಬಹುದು. ಅದಕ್ಕೆ ಯಾರ ತಕರಾರೂ ಇರಲಿಲ್ಲ.

ಮಾಲ್ದಾರೆ_ತೋಟಗಾರ
ಜಾಗಕ್ಕೆ ನನ್ನದೊಂದು ಸಲಹೆ. ತೋಟದ ಒಳಗೆ ಬೇಡ, ಕಾಫಿ ಕಣ ಕೇಳಿ. ಕೊಯ್ಲು, ಒಣಗಿಸುವುದು ಎಲ್ಲಾ ಮುಗಿದು ಮೇ ತಿಂಗಳಲ್ಲಿ ಕಣ ಖಾಲಿ ಬಿದ್ದಿರುತ್ತದೆ. ಬಯಲು, ಸಮತಟ್ಟು, ಮೇಲೆ ಕೊಂಬೆ ಇಲ್ಲ, ನಾಲ್ಕೂ ಕಡೆ ಕಣ್ಣಿಗೆ ಕಾಣುತ್ತದೆ. ಪಕ್ಕದಲ್ಲೇ ಗೋಡೌನ್ ಇರುತ್ತದೆ, ಗುಡುಗಿದರೆ ಒಳಗೆ ಓಡಬಹುದು. ಹನ್ನೊಂದರ ಮೇಲೆ ಸಿಮೆಂಟ್ ಕಾಯುತ್ತದೆ, ಬರಿಗಾಲಲ್ಲಿ ಬಿಡಬೇಡಿ. ಓಟದ ಆಟ ಎಲ್ಲಾ ಅದಕ್ಕೆ ಮೊದಲೇ ಮುಗಿಸಿ.

ಗಾಡಿ ಯಾವುದು ಮಾಡುತ್ತಿದ್ದೀರಿ? ಗೂಡ್ಸ್ ಆಟೋ, ಪಿಕಪ್ ಹಿಂದೆ ಮಕ್ಕಳನ್ನು ನಿಲ್ಲಿಸಿಕೊಂಡು ಬರಬೇಡಿ. ಕೆಲಸದವರನ್ನು ಹಾಗೇ ಸಾಗಿಸುತ್ತಾರೆ ಅನ್ನುವುದು ನೆಪ ಆಗುವುದಿಲ್ಲ. ರಜೆಯಲ್ಲಿ ಶಾಲೆ ಬಸ್ಸು ಸುಮ್ನೆ ನಿಂತಿರುತ್ತದೆ, ಕೇಳಿ ನೋಡಿ.

ಸಂಡೇಸ್ಕೂಲ್_ಅಕ್ಕ
ನಿನ್ನೆ ಕಮಿಟಿ ಆಯ್ತು. ಟೆಂಟ್ ಇಲ್ಲ, ಹೊಳೆ ಇಲ್ಲ, ಬೆಟ್ಟ ಇಲ್ಲ. ಐದು ದಿನ, ಒಂಬತ್ತರಿಂದ ಎರಡೂವರೆ, ಕಾಫಿ ಕಣದಲ್ಲಿ. ಬಸ್ಸಿಗೆ ಒಂದು ಶಾಲೆಯವರು ಒಪ್ಪಿದ್ದಾರೆ, ಡೀಸೆಲ್, ಡ್ರೈವರ್ ಖರ್ಚು ನಮ್ಮದು. ಎಂಟು ಮಕ್ಕಳಿಗೆ ಒಬ್ಬ ಲೀಡರ್, ಚಿಕ್ಕವರಿಗೆ ಐದಕ್ಕೆ ಒಬ್ಬರು. ಹನ್ನೆರಡು ದಾಟಿದವರಿಗೆ ಕೊನೆಯ ರಾತ್ರಿ ಚರ್ಚ್ ಹಾಲ್‌ನಲ್ಲಿ, ಮನೆಯವರು ಒಪ್ಪಿದರೆ ಮಾತ್ರ. ಅಂಗಳದಲ್ಲಿ ಬೆಂಕಿ ಉಂಟು, ತಮ್ಮನ ಮುಖ ಸ್ವಲ್ಪ ಅರಳಿತು. ಬೆಂಗಳೂರಿನ ತಂಡದಲ್ಲಿ ಇಬ್ಬರು "ಹಾಗಾದರೆ ಬರುವುದಿಲ್ಲ" ಎಂದರು. ಪರವಾಗಿಲ್ಲ. ಊಟ ಅನ್ನ ಸಾರು ಪಲ್ಯ, ಒಂದು ದಿನ ಕೋಳಿ. ಪಂದಿ (ಹಂದಿ ಮಾಂಸ) ಬೇಡ ಅಂತ ಮೊದಲೇ ತೀರ್ಮಾನ, ಎಲ್ಲಾ ಮನೆಯ ಮಕ್ಕಳು ಬರುತ್ತಾರೆ. ಹೆಸರುಕಾಳು ಅರ್ಧ ಕೆಜಿ ಪಟ್ಟಿಗೆ ಸೇರಿತು ಅಜ್ಜಾ.

ಮಾಲ್ದಾರೆ_ತೋಟಗಾರ
ಕಣದ ಪಕ್ಕ ಹಲಸಿನ ಮರ ಇದೆಯಾ?

ಸಂಡೇಸ್ಕೂಲ್_ಅಕ್ಕ
ಎರಡಿದೆ. ಕಾಯಿ ಇಳಿಸಿ ಕೊಡುತ್ತೇವೆ ಎಂದಿದ್ದಾರೆ.

ಮಾಲ್ದಾರೆ_ತೋಟಗಾರ
ಇಳಿಸಿ ಮರದ ಬುಡದಲ್ಲೇ ರಾಶಿ ಹಾಕಿದರೆ ಆನೆಗೆ ಕೆಲಸ ಕಡಿಮೆಯಾಗುತ್ತದೆ ಅಷ್ಟೇ. ಅವತ್ತೇ ಗಾಡಿಗೆ ಹಾಕಿ ಹೊರಗೆ ಸಾಗಿಸಿ. ಶಿಬಿರಕ್ಕೆ ನಾಲ್ಕು ದಿನ ಮುಂಚೆಯೇ ಆಗಲಿ.

ನರ್ಸಮ್ಮ_ಕುಶಾಲನಗರ
ಎಳೆಕಾಯಿ ಇದ್ದರೆ ಪಲ್ಯಕ್ಕೆ ಇಟ್ಟುಕೊಳ್ಳಿ. ಬಲಿತದ್ದು ಎರಡು ನನ್ನ ಕಡೆ ಕಳಿಸಿ, ಚಿಪ್ಸ್ ಕರಿದು ಶಿಬಿರಕ್ಕೇ ತರುತ್ತೇನೆ.